ಮೂರೂ ಆಟ ಸೋತ ತಂಡ

ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಇತಿಹಾಸದ ನಿವೃತ್ತ ಮೇಷ್ಟ್ರು, ಅಮೆರಿಕನ್ನರು. ನೂರು ವರ್ಷಕ್ಕೂ ಹಿಂದೆ ಅವರ ತಾತ ಒಂದು ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದರಂತೆ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಕೊನೆಯ ಗೆರೆ ದಾಟಿದರೆ ಅಂಕ ಸಿಗುವ ಆಟ ಅದು. ಆ ಸೀಸನ್ನಿನಲ್ಲಿ ತಂಡ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಒಂದು ಅಂಕವೂ ಇಲ್ಲದೆ ಸೋತಿತ್ತು. ಕಳೆದ ವರ್ಷ ಮೇಷ್ಟ್ರಿಗೆ ಅದೇ ಸೀಸನ್ನನ್ನು ಹಳೆಯ ನಿಯಮದಲ್ಲೇ ಮತ್ತೆ ಆಡಿಸುವ ಹುಕಿ ಬಂತು. ಹೆಲ್ಮೆಟ್ ಇಲ್ಲ, ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಗುಂಪಾಗಿ ತಳ್ಳಿಕೊಂಡೇ ಹೋಗಬೇಕು. ಜನ ಸಾಲದೆ ನಮ್ಮ ಬಾಗಿಲು ತಟ್ಟಿದರು.

ನನ್ನ ಗಂಡ ಹುಬ್ಬಳ್ಳಿಯವರು, ಕಾಲೇಜಿನಲ್ಲಿ ಕಬಡ್ಡಿ ಆಡಿದವರು. "ಇದು ನಮ್ಮ ಕಬಡ್ಡಿನ ಅದ. ಕೈಯಾಗ ಒಂದು ಚೆಂಡು ಕೊಟ್ಟಾರ, ಅಷ್ಟ" ಎಂದು ಒಪ್ಪಿಬಿಟ್ಟರು.

ಡಲ್ಲಾಸಿನಲ್ಲಿ ಸೋತರು. ಹ್ಯೂಸ್ಟನ್ನಿನಲ್ಲಿ ಕೆಸರಲ್ಲಿ ಜಾರಿ ಜಾರಿ ಸೋತರು. ಗಂಡನ ಮಂಡಿಗೆ ಎಣ್ಣೆ ತಿಕ್ಕುತ್ತಾ ನಾನು, "ಒಂದಾದ್ರೂ ಗೆಲ್ಲಬಾರದಾ ನೀವು?" ಎಂದೆ.

"ಗೆದ್ದವರು ನಮ್ಮಷ್ಟು ನಕ್ಕಿಲ್ಲ ಬಿಡು" ಎಂದರು.

ಆಸ್ಟಿನ್ನಿನ ಆಟದ ಕೊನೆಯಲ್ಲಿ ನಮ್ಮವರೊಬ್ಬರ ಕಾಲು ಉಳುಕಿತು. ಮೇಷ್ಟ್ರು ಮಗಳ ಜೊತೆ ಆಟ ನೋಡುತ್ತಾ ಕೂತಿದ್ದ ನನ್ನ ಹತ್ತಿರ ನೇರ ಬಂದು, "ಹಗುರವಾದವರು ಒಬ್ಬರು ಬೇಕು, ಬರ್ತೀರಾ?" ಎಂದರು. ಅವರ ಕೈಯಲ್ಲೊಂದು ಅಗಲವಾದ ಬೆಲ್ಟು, ಅದರ ಎರಡೂ ಬದಿಗೆ ಹಿಡಿಕೆ. ಆ ಕಾಲದಲ್ಲಿ ಹೀಗೆ ಹಿಡಿಕೆ ಹಾಕಿ, ಚೆಂಡು ಹಿಡಿದವನನ್ನೇ ಎತ್ತಿ ಗುಂಪಿನಾಚೆ ಎಸೆಯುತ್ತಿದ್ದರಂತೆ.

"ಅಮ್ಮಾ, ಪ್ಲೀಸ್ ಡೋಂಟ್" ಎಂದಳು ಮಗಳು. ಅಷ್ಟರಲ್ಲಿ ನಾನು ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟಾಗಿತ್ತು.

ಗೆರೆಯ ಮುಂದೆ ಎದುರು ತಂಡದವರು ಗೋಡೆಯಂತೆ ನಿಂತಿದ್ದರು. ನನ್ನ ಸೊಂಟಕ್ಕೆ ಬಿಗಿದ ಬೆಲ್ಟಿನ ಒಂದು ಹಿಡಿಕೆ ಗಂಡನ ಕೈಯಲ್ಲಿ, ಇನ್ನೊಂದು ಮೇಷ್ಟ್ರ ಅಳಿಯನ ಕೈಯಲ್ಲಿ.

"ಚೆಂಡು ಬಿಡಬ್ಯಾಡ. ಉಳಿದದ್ದು ನಮಗ ಬಿಡು" ಎಂದರು ಗಂಡ.

ಕಾಲು ನೆಲ ಬಿಟ್ಟಿತು. ಆಕಾಶ ಕಂಡಿತು, ಕೆಳಗೆ ಯಾರದೋ ಬೋಳು ತಲೆ ಮಿಂಚಿ ಹೋಯಿತು, ಆಮೇಲೆ ಬಾಯಿ ತುಂಬ ಹುಲ್ಲು. ಚೆಂಡನ್ನು ಅಪ್ಪಿಕೊಂಡೇ ಗೆರೆಯಾಚೆ ಬಿದ್ದಿದ್ದೆ. ಸೀಟಿ ಊದಿದ ರೆಫರಿ ಬಗ್ಗಿ, ಪೆಟ್ಟಾಯಿತೇ ಎಂದು ಕೇಳಿದ. ನನಗೆ ನಗು ಉಕ್ಕಿ ಉಕ್ಕಿ ಬಂತು.

ಆ ಆಟವನ್ನೂ ಸೋತೆವು. ಆದರೂ ಮೇಷ್ಟ್ರು ಹುಲ್ಲಿನ ಮೇಲೆ ಕೂತು, "ತಾತನ ತಂಡಕ್ಕೆ ಅಂಕ ಬಂತು" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ದೀಪ ಹಸಿರಾದದ್ದು ನಮಗೆ ತಿಳಿಯಲೇ ಇಲ್ಲ, ಹಿಂದಿನ ಕಾರಿನವರು ಹಾರನ್ ಒತ್ತತೊಡಗಿದರು.