ಬೈಸಿಕೊಂಡವನ ಕೈಯ ಹಕ್ಕರಿಕಿ

ನಡೆದದ್ದು ಇಷ್ಟೇ: ಒಬ್ಬ ಮನುಷ್ಯನ ಸೈಟಿನಲ್ಲಿ ನಿಂತು, ಅವನೆದುರಿಗೇ ಅವನನ್ನು ಜಿಪುಣ ಎಂದು ಬೈದು, ಅವನ ಕೈಯಿಂದಲೇ ಸೆರಗಿನ ತುಂಬ ಸೊಪ್ಪು ಕೀಳಿಸಿಕೊಂಡು ಬಂದೆ. ಮಗ ಇದಕ್ಕೆ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎನ್ನುತ್ತಾನೆ. ಸೊಸೆ ಮರ್ಯಾದೆ ಹೋಯಿತು ಎನ್ನುತ್ತಾಳೆ. ನನ್ನ ಮಟ್ಟಿಗೆ ಅದೊಂದು ಒಳ್ಳೆಯ ಬುಧವಾರ.

ನವನಗರದ ನಮ್ಮ ಓಣಿಯಲ್ಲಿ ಖಾಲಿ ಉಳಿದದ್ದು ಒಂದೇ ಸೈಟು. ಮಿಕ್ಕ ಕಡೆಯೆಲ್ಲ ಮನೆ ಎದ್ದಿವೆ, ಅಂಗಳಕ್ಕೂ ಟೈಲ್ಸ್ ಬಿದ್ದಿವೆ. (ಟೈಲ್ಸ್ ಮೇಲೆ ಏನು ಬೆಳೆಯುತ್ತದೆ ಹೇಳಿ? ಪಾಚಿ.) ಚಳಿ ಬಿತ್ತೆಂದರೆ ಆ ಸೈಟಿನ ಕರಿಮಣ್ಣಿಗೆ ಅಂಟಿಕೊಂಡು ಹಕ್ಕರಿಕಿ ಹಬ್ಬುತ್ತದೆ, ಬದಿಗೆ ಕಿರಕಸಾಲಿ, ಎರಡೂ ತಿನ್ನುವ ಸೊಪ್ಪು. ಯಾರೂ ಬಿತ್ತಿದ್ದಲ್ಲ, ನೀರು ಹಾಕಿದ್ದಲ್ಲ. ಬಾಡಿದ ಪಾಲಕ್ ಕೊಳ್ಳುವ ಜನ ಇದನ್ನು ತುಳಿದುಕೊಂಡೇ ವಾಕಿಂಗ್ ಹೋಗುತ್ತಾರೆ. ಹನ್ನೆರಡು ಚಳಿಗಾಲ ನಾನು ಅಲ್ಲಿಂದಲೇ ತಿಂದಿದ್ದೇನೆ.

ಬುಧವಾರ ಹೋದರೆ, ಬನಿಯನ್ ಮೇಲೆ ಟವೆಲ್ ಹೊದ್ದ ಒಬ್ಬ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಕಿತ್ತು ರಾಶಿ ಹಾಕುತ್ತಿದ್ದ. ಕಸ ತೆಗೆಯಲು ಬಂದ ಆಳು ಎಂದುಕೊಂಡೆ.

"ಏ ತಮ್ಮಾ, ಅದನ್ನ ಒಗೀಬ್ಯಾಡೋ. ಹಕ್ಕರಿಕಿ ಅದು. ಇಲ್ಲೆ ನನ್ನ ಸೆರಗಿನ್ಯಾಗ ಹಾಕು."

ಹಾಕಿದ. ಮಣ್ಣು ಕೊಡವಿ, ನೀಟಾಗಿ. ಕೈ ಆಡುತ್ತಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಮಾಲಕನ ಜಾತಕ ತೆಗೆದೆ. ಹನ್ನೆರಡು ವರ್ಷದಿಂದ ಮನೆ ಕಟ್ಟುವುದಿಲ್ಲ, ಮಾರುವುದೂ ಇಲ್ಲ, ಮಹಾ ಜಿಪುಣ ಎಂದೆ. ಆಮೇಲೆ ಕೇಳಿದೆ, "ಮುಂಜಾನಿಯಿಂದ ನಿನಗ ಒಂದು ಕಪ್ ಚಾ ಆದರೂ ಕುಡಿಸ್ಯಾನೇನು?"

"ಇಲ್ರಿ ಯವ್ವಾ, ಇನ್ನೂ ಕುಡಿಸಿಲ್ಲ."

ಕೆಲಸದ ಆಳನ್ನು ಬರಿ ಹೊಟ್ಟೆಯಲ್ಲಿ ಕಳಿಸುವುದು ನಮ್ಮ ಹೊಲದಲ್ಲಿ ಎಂದೂ ಇರಲಿಲ್ಲ. ಕೈ ತೊಳಕೊಂಡು ನಡಿ ಎಂದು ಮನೆಗೆ ಕರೆತಂದೆ.

ಬಾಗಿಲು ತೆಗೆದ ಸೊಸೆ ಅವನನ್ನು ನೋಡಿ "ನಮಸ್ಕಾರ್ರಿ ಸರ್" ಎಂದಳು. ಆಳಿಗೆ ಸರ್ ಯಾಕೆಂದು ನಾನು ಗಮನಿಸಲೇ ಇಲ್ಲ, ಹಂಚು ಕಾದಿತ್ತು. ಕಿರಕಸಾಲಿಗೆ ಬೇಳೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಹಕ್ಕರಿಕಿಯನ್ನು ಬೇಯಿಸುವುದು ಮೂರ್ಖತನ. ತೊಳೆದು ಹಸಿಯಾಗಿಯೇ ಬಡಿಸಿದೆ, ಜೊತೆಗೆ ಬಿಸಿ ಜೋಳದ ರೊಟ್ಟಿ, ಕುಟ್ಟಿದ ಖಾರದ ಗುರೆಳ್ಳು ಹಿಂಡಿ, ಎಣ್ಣೆ, ಗಟ್ಟಿ ಮೊಸರು. ಮೂರು ರೊಟ್ಟಿ ತಿಂದು ಮುಗಿಸಿ ಅವನು ಬಾಯಿಬಿಟ್ಟ.

"ಯವ್ವಾ, ನೀವು ಬೈದ ಜಿಪುಣ ನಾನರಿ."

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ವ್ಯಾಪಾರಿಯಂತೆ. ಸೈಟಿನ ಕಸದ ಬಗ್ಗೆ ದೂರಲು ಸೊಸೆ ಎರಡು ಸಲ ಅವನ ಅಂಗಡಿಗೆ ಹೋಗಿದ್ದಳಂತೆ. (ನನಗೆ ಹೇಳಿದ್ದಳೇ? ಇಲ್ಲ.) ಅವಳೀಗ ಫ್ರಿಜ್ಜಿನ ಹಿಂದೆ ಅಡಗುವ ಜಾಗ ಹುಡುಕುತ್ತಿದ್ದಳು. ನಾನೇನು ಮಾಡಲಿ?

"ಹಂಗಾರ ಇನ್ನೊಂದು ರೊಟ್ಟಿ ಹಾಕ್ಕೋ. ಬೈದದ್ದೇನು ವಾಪಸ್ ತಗೊಳ್ಳಂಗಿಲ್ಲ."

ಅವನು ಎಷ್ಟು ನಕ್ಕನೆಂದರೆ ಹಿಂಡಿ ನೆತ್ತಿಗೇರಿತು. ನಾನೂ ನಕ್ಕೆ. ಸೊಸೆಯೂ ಕಡೆಗೆ ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನು ಸಂಕೋಚದಿಂದ ಹೇಳಿದ, ಮನೆ ಕಟ್ಟುವವನಿದ್ದಾನೆ, ಗಡಿಕಲ್ಲು ಕಾಣಲೆಂದು ಕಸ ಕೀಳುತ್ತಿದ್ದ, ನಾಳೆ ಹತ್ತಕ್ಕೆ ಜೆಸಿಬಿ ಬರುತ್ತದೆ. ನನ್ನ ನಗು ನಿಂತಿತು. ಹಿತ್ತಲ ಕಡೆ ಎರಡು ಗೇಣಾದರೂ ಮಣ್ಣು ಬಿಡು ಎಂದೆ. ಪ್ಲಾನಿನಲ್ಲಿ ಅಲ್ಲಿ ಪಾರ್ಕಿಂಗ್ ಇದೆಯಂತೆ. ಕಾರಿಗೆ ನೆರಳು ಬೇಕು, ಮನುಷ್ಯನಿಗೆ ಸೊಪ್ಪು ಬೇಡವೇ? ಕಟ್ಟುವವನು ಅವನು, ಜಾಗ ಅವನದು, ಜಗಳ ಮಾಡುವಂತೆಯೂ ಇಲ್ಲ.

ಮರುದಿನ ಬೆಳಿಗ್ಗೆ ಜೆಸಿಬಿ ಬರುವ ಮೊದಲೇ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಹೋಗಿ, ಅವನು ಕೀಳದೆ ಬಿಟ್ಟ ಹಕ್ಕರಿಕಿಯನ್ನು ಬೇರು ಸಮೇತ ಎಬ್ಬಿಸಿ ತಂದು, ಸೊಸೆಯ ಒಂಬತ್ತು ಕ್ರೋಟನ್ ಕುಂಡಗಳಲ್ಲಿ ನೆಟ್ಟೆ. ಕ್ರೋಟನ್ ಎಲ್ಲಿ ಹೋಯಿತು ಎಂದು ಕೇಳುತ್ತಾಳೆ. ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಬರುತ್ತದೆಯೇ?