ಬಿಸಿಲಿಗಿಟ್ಟ ಸೆಲ್ಲುಗಳು

ಕರ್ರ್, ಕರ್ರ್. ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ಸಿಕ್ಕಿಸಿ ತಿರುಗಿಸುವ ಸದ್ದು. ತೊಂಬತ್ತರ ದಶಕದ ಭಾನುವಾರಗಳೆಂದರೆ ನನಗೆ ಅದೇ. ನನ್ನ ಯಜಮಾನರ ಸ್ನೇಹಿತರೊಬ್ಬರು, ಸಿದ್ದಾಪುರದ ಪೋಸ್ಟಾಫೀಸಿನ ಗುಮಾಸ್ತರು, ಟೇಪ್‌ರೆಕಾರ್ಡರನ್ನು ಚೀಲದಲ್ಲಿ ಹಾಕಿಕೊಂಡು ಶಿರಸಿಯ ನಮ್ಮ ಮನೆಗೆ ಬರುತ್ತಿದ್ದರು. ರಿವೈಂಡ್ ಒತ್ತಿದರೆ ಸೆಲ್ಲು ಖರ್ಚಾಗುತ್ತದೆಂದು ಪೆನ್ಸಿಲ್. ಸೋತ ಸೆಲ್ಲುಗಳನ್ನು ನಮ್ಮ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದರು.

ಇನ್ನೊಬ್ಬರು ಕಾಲೇಜಿನ ಮಾಸ್ತರು. ಇಬ್ಬರಿಗೂ ರಾಕ್ ಸಂಗೀತದ ಹುಚ್ಚು. ಎಲ್ಲರಿಗಿಂತ ದೊಡ್ಡ ಗಿಟಾರಿಸ್ಟ್ ಯಾರು ಎಂಬ ವಾದ ಚಹಾದೊಡನೆ ಶುರುವಾಗುತ್ತಿತ್ತು.

"ಮಾಸ್ತರೇ, ನಿಮ್ಮಂವ ಬಸ್ ತಪ್ಪಿಹೋಗ್ತು ಹೇಳಿ ಓಡ್ದಂಗೆ ಬಾರಿಸ್ತ."

"ನಿನ್ನಂವ ಬಸ್ಸಲ್ಲೇ ನಿದ್ದೆ ಹೊಡೀತಾ ಇದ್ದ, ಮಾರಾಯಾ!"

ಗುಮಾಸ್ತರು ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದರು. ತಮ್ಮ ಗಿಟಾರಿಸ್ಟನ ಬಗ್ಗೆ ಒಮ್ಮೆ ನನ್ನೆದುರು ಹೇಳಿದ್ದರು: "ಇಂವ ಗಡಿಬಿಡಿ ಮಾಡ್ತ್ನಿಲ್ಲೆ ಅತ್ಗೆ. ಅದಕ್ಕೇ ಬೇಕು."

ನಾನು ಕಾನ್ವೆಂಟಿನಲ್ಲಿ ಪಿಯಾನೊ ಕಲಿತವಳು. ಗುಮಾಸ್ತರು ಪ್ರತಿ ವಾರ ಹಾಕುತ್ತಿದ್ದ ಹಾಡನ್ನು ರೇಡಿಯೊದಲ್ಲಿ ಕೇಳಿದ್ದೆ. ಇವರ ಟೇಪಿನಲ್ಲಿ ಅದು ಫ್ಲ್ಯಾಟ್, ಪೂರ್ತಿ ಒಂದು ಸ್ವರ ಕೆಳಗೆ. ಆ ನಿಧಾನ ಗಿಟಾರಿನವನದಲ್ಲ, ಸೆಲ್ಲಿನದು. ಗೊತ್ತಿದ್ದೂ ಚಹಾ ಸೋಸುತ್ತಿದ್ದೆ.

ಒಂದು ಭಾನುವಾರ ಮಾಸ್ತರು, "ಅತ್ಗೆ, ನೀನೇ ವರ್ಡಿಕ್ಟ್ ಕೊಡು" ಎಂದರು. ಸಿಸ್ಟರುಗಳು ಕಲಿಸಿದ ಫೇರ್‌ನೆಸ್ ಇರಬೇಕು, ಅಥವಾ ಬರಿಯ ಜಂಭ. ಒಳಗಿನಿಂದ ಹೊಸ ಸೆಲ್ಲು ತಂದು ಹಾಕಿದೆ. ಅದೇ ಹಾಡಿನ ಗಿಟಾರು ತೆಳ್ಳಗೆ, ಚುರುಕಾಗಿ ಓಡಿತು.

"ನಿನ್ನಂವಂಗೂ ಬಸ್ಸಿನ ಗಡಿಬಿಡಿ ಇದ್ದಲೋ!" ಮಾಸ್ತರು ಚಹಾ ಚೆಲ್ಲುವಷ್ಟು ನಕ್ಕರು.

"ಸೆಲ್ಲು ಸೋತಿತ್ತು, ಅದಕ್ಕೇ ನಿಧಾನ" ಎಂದೆ, ಯಾರೂ ಕೇಳದಿದ್ದರೂ.

ಗುಮಾಸ್ತರು ನನ್ನ ಸೆಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮೆಟ್ಟಿಲ ಮೇಲೆ ಬಿಸಿಲಿಗಿಟ್ಟವನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡು ಹೊರಟರು. ಮತ್ತೆ ಬರಲಿಲ್ಲ. ಮಾಸ್ತರಿಗೂ ವಾದಕ್ಕೆ ಜನವಿಲ್ಲದೆ ಬರುವುದು ತಪ್ಪಿತು. ನಾನು ಹೇಳಿದ್ದು ಸುಳ್ಳೇನಲ್ಲ.

ಗುಮಾಸ್ತರನ್ನು ಕೊನೆಯ ಸಲ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ. ತಲೆ ನರೆತಿತ್ತು, ಸೊಂಟದಲ್ಲಿ ವಾಕ್‌ಮನ್. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಒಂದು ಇಯರ್‌ಫೋನ್ ತೆಗೆದು ನನ್ನ ಕೈಗಿತ್ತರು. ಅದೇ ಹಾಡು. ಪೂರ್ತಿ ಒಂದು ಸ್ವರ ಕೆಳಗೆ.

"ಸೋತ ಸೆಲ್ಲು ಹಾಕಿ ಬಾರ್ಸಿ, ಬೇರೆ ಟೇಪಿಗೆ ತುಂಬಿಸ್ಕಂಡೆ ಅತ್ಗೆ" ಎಂದರು. "ಈಗ ಹೊಸ ಸೆಲ್ಲು ಹಾಕಿರೂ ಇಂವ ಓಡ್ತ್ನಿಲ್ಲೆ."

ಶಿರಸಿ ಬಸ್ಸು ಬಂತು. ಹಾಡು ಮುಗಿದಿರಲಿಲ್ಲ. ವೈರು ವಾಪಸು ಕೊಟ್ಟು ಹತ್ತಿದೆ.