ಸೊಲ್ಲಿಗೆ ಬಿಟ್ಟ ಜಾಗ

ನನ್ನ ಮದುವೆಗೆ ತಿಂಗಳಿದೆ ಅನ್ನುವಾಗ ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹೊಣಕೆರೆಯ ಮನೆಯಲ್ಲಿ ಹಾಸಿಗೆ ಹಿಡಿದವಳನ್ನು ಕೆ.ಆರ್. ಪೇಟೆಯ ಛತ್ರಕ್ಕೆ ಕರೆದೊಯ್ಯುವಂತಿರಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಅವಳ ಸೋಬಾನೆ ಪದ ಕೇಳಿಕೊಂಡೇ ಹಸೆಮಣೆ ಏರಿದವರು. ನನಗೊಬ್ಬಳಿಗೆ ಅದು ತಪ್ಪುತ್ತದಲ್ಲ ಎಂದು ಹೊಟ್ಟೆ ಉರಿಯಿತು. ತೊಂಬತ್ತರ ದಶಕದಲ್ಲಿ ಛತ್ರದ ಮದುವೆಯೆಂದರೆ ಮೈಕ್‌ಸೆಟ್ ಇದ್ದೇ ಇರುತ್ತಿತ್ತು. ಸಿನಿಮಾ ಹಾಡು ಹಾಕಿಸಿದರಾಯಿತು ಬಿಡು ಎಂದಳು ಅವ್ವ. ಸೋಬಾನೆ ಇಲ್ಲದಿದ್ದರೆ ಹಸೆಗೆ ಕೂರುವುದೇ ಇಲ್ಲ ಎಂದೆ. ಹಟದಲ್ಲಿ ನಾನು ಅಜ್ಜಿಯ ಮೊಮ್ಮಗಳೇ.

ನಾಗಮಂಗಲದಲ್ಲಿ ಮೇಷ್ಟರಾಗಿದ್ದ ಸೋದರಮಾವನ ಟೇಪ್‌ರೆಕಾರ್ಡರ್ ತಂದು ಅಜ್ಜಿಯ ದಿಂಬಿನ ಪಕ್ಕ ಇಟ್ಟೆ. ಯಂತ್ರದ ಅಂಜಿಕೆ ಅವಳಿಗೆ ಚೂರೂ ಇರಲಿಲ್ಲ. ಅದನ್ನು ತನ್ನ ಕಡೆ ತಿರುಗಿಸಿಕೊಂಡು ಶುರು ಮಾಡಿಯೇಬಿಟ್ಟಳು. ಆದರೆ ಒಂದು ಸಾಲು ಹೇಳುವುದು, ಸುಮ್ಮನಾಗುವುದು. ಮತ್ತೊಂದು ಸಾಲು, ಮತ್ತೆ ಸುಮ್ಮನೆ. ಪಾಪ, ಮರೆತಳೆಂದುಕೊಂಡು ಅವಳು ನಿಲ್ಲಿಸಿದಲ್ಲೆಲ್ಲ ನಾನು ಗುಂಡಿ ಒತ್ತಿ ಟೇಪನ್ನೂ ನಿಲ್ಲಿಸುತ್ತ ಹೋದೆ. ಮತ್ತೆ ಹಾಕಿದಾಗ ಸಾಲುಗಳು ಒಂದರ ಬೆನ್ನಿಗೊಂದು ಓಡಿದವು. ನಾನು ಬೀಗುತ್ತಿದ್ದರೆ ಅಜ್ಜಿ ಮುಖ ಗಂಟಿಕ್ಕಿದಳು.

“ಇದೇನ್ ಪದ ಮಗಾ, ಕೋಳಿ ಅಟ್ಟುದಂಗೈತೆ. ಸೋಬಾನೆನ ಒಬ್ಳೇ ಏಳಕಾಯ್ತದಾ? ಸೊಲ್ಲು ಕೊಡೋರ್ಗೆ ಜಾಗ ಬುಡ್ಬೇಕು ಕಣವ್ವಾ.”

ಮುಂದೆ ಹೇಳುವವಳ ಸಾಲಿಗೆ ಉಳಿದ ಹೆಂಗಸರು ಮರುದನಿಯಾಗಿ ಸೊಲ್ಲು ಎತ್ತಿಕೊಡುವುದೇ ಸೋಬಾನೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ಪ್ರತಿ ಸೊಲ್ಲನ್ನೂ ಕಲಿಸಿದಳು. ಹೊಸದಾಗಿ ಹಿಡಿಯುವಾಗ, ಅವಳು ನಿಲ್ಲಿಸಿದಲ್ಲಿ ನಾನು ಟೇಪು ನಿಲ್ಲಿಸದೆ, ಸದ್ದಿಲ್ಲದೆ ತುಟಿಯಲ್ಲೇ ಸೊಲ್ಲು ಹೇಳಿ ಅಳತೆ ಕೊಡಬೇಕು, ಆಮೇಲೆ ಅವಳ ಮುಂದಿನ ಸಾಲು. ಆ ಮೌನದಲ್ಲಿ ಟೇಪು ಹಿತ್ತಲ ಕರುವಿನ ಕೂಗನ್ನೂ ಹಿಡಿದುಕೊಂಡಿತು.

ಛತ್ರದಲ್ಲಿ ಮೊದಲ ಸಾಲು ಮುಗಿದು ಸದ್ದಡಗಿದ್ದೇ ಮೈಕ್‌ಸೆಟ್ಟಿನವನು ಕ್ಯಾಸೆಟ್ ಸಿಕ್ಕಿಕೊಂಡಿತೆಂದು ತೆಗೆಯಲು ಹೋದ. ಅಷ್ಟರಲ್ಲಿ ಹೊಸಹೊಳಲಿನ ಚಿಕ್ಕವ್ವ ಕೂತಲ್ಲಿಂದಲೇ ಸೊಲ್ಲು ಎತ್ತಿದಳು. ಎರಡನೆಯದಕ್ಕೆ ನಮ್ಮ ಹೆಂಗಸರೆಲ್ಲ ಸೇರಿದರು. ಪಾಂಡವಪುರದ ಗಂಡಿನ ಕಡೆಯವರು, ನಾವೇನು ಕಡಿಮೆ ಎಂದು ಇನ್ನೂ ಜೋರಾಗಿ ಕೊಟ್ಟರು. ಮೈಕ್‌ಸೆಟ್ಟಿನವನು ಕೈ ಕಟ್ಟಿ ಕೂತ.

ಕೊನೆಯದು ಹೆಣ್ಣು ಒಪ್ಪಿಸುವ ಪದ. ಅದರ ಸೊಲ್ಲು ಯಾರಿಗೂ ನೆನಪಿರಲಿಲ್ಲ. ಅಜ್ಜಿ ಸಾಲು ಹೇಳಿ ಕಾದಳು. ಛತ್ರದ ತುಂಬ ಕರು ಕೂಗಿತು. ಯಾರೋ ನಕ್ಕರು. ಎರಡನೇ ಸಲವೂ ಬರೀ ಮೌನ. ಮಂಚದ ಮೇಲಿಂದ ಅಜ್ಜಿ ಕಾಯುತ್ತಿರುವಂತೆಯೇ ಅನ್ನಿಸಿ ನನಗೆ ಸಂಕಟವಾಯಿತು. ಸೋಬಾನೆ ಹೇಳುವಾಗ ಮದುವಣಗಿತ್ತಿ ತಲೆ ಎತ್ತುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಆದರೆ ಆ ಸೊಲ್ಲು ಗೊತ್ತಿದ್ದದ್ದು ನನಗೊಬ್ಬಳಿಗೆ. ಮೂರನೇ ಸಾಲಿಗೆ ನಾನೇ ಎತ್ತಿದೆ.

“ಮದ್ಲಗಿತ್ತೀನೇ ಪದ ಏಳ್ತಾವ್ಳಲ್ಲಾ,” ಎಂದಿತು ಗಂಡಿನ ಕಡೆಯ ಒಂದು ದನಿ. ನಾನು ನಿಲ್ಲಿಸಲಿಲ್ಲ. ಮುಂದಿನ ಸಾಲಿಗೆ ಅತ್ತೆಯವರೇ ನನ್ನ ಜೊತೆ ಸೇರಿದರು, ಅವರ ಹಿಂದೆ ಉಳಿದವರು. ಆಮೇಲೆ ಅಳು ಒತ್ತಿಬಂದು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸೊಲ್ಲು ಮಾತ್ರ ನಿಲ್ಲಲಿಲ್ಲ.

ಹೊಣಕೆರೆಗೆ ಹೋದಾಗ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಬೈಗುಳಕ್ಕೆ ತಯಾರಾಗಿಯೇ ಮಂಚದ ಅಂಚಿಗೆ ಕೂತೆ. ಅಜ್ಜಿ ಟೇಪ್‌ರೆಕಾರ್ಡರನ್ನು ಎತ್ತಿ, ಈ ಸಲ ನನ್ನ ಕಡೆ ತಿರುಗಿಸಿ ಇಟ್ಟಳು.

“ಇನ್ನೊಂದ್ ಕ್ಯಾಸೆಟ್ ತತ್ತಾ. ಈ ಕಿತ ನೀನ್ ಪದ ಏಳು, ನಾನ್ ಸೊಲ್ಲು ಕೊಡ್ತೀನಿ.”